ಎದುರಾಳಿ 'ಆಲ್-ಇನ್' ಅಂದರೆ ಏನು ಮಾಡ್ತೀರಿ?

ದೀಪಾವಳಿ ಬಂದರೆ ಮುಂಬಯಿಯ ಮನೆಗಳಲ್ಲಿ ಇಸ್ಪೀಟು ಹೊರಬರುತ್ತದೆ. ತೀನ್ ಪತ್ತಿಯ ಜೊತೆಗೆ ಪೋಕರ್ ಟೂರ್ನಮೆಂಟೂ ಇದ್ದರೆ ಈ ಲೆಕ್ಕ ನೆನಪಿಡಿ.

ನೀವು ಬಿಗ್ ಬ್ಲೈಂಡ್. ಎಲೆ ನೋಡುವ ಮೊದಲೇ 1000 ಚಿಪ್ಸ್ ಇಟ್ಟಿದ್ದೀರಿ. ಸ್ಮಾಲ್ ಬ್ಲೈಂಡ್‌ನ 500 ಕೂಡ ಅಲ್ಲಿದೆ. ಒಬ್ಬ ತನ್ನಲ್ಲಿ ಉಳಿದ 3000ವನ್ನೂ ಮುಂದೆ ತಳ್ಳಿದ, ಮಿಕ್ಕವರೆಲ್ಲ ಎಲೆ ಬಿಟ್ಟರು. ನಡುವೆ ಈಗ 4500. ನೀವು ಸೇರಿಸಬೇಕಾದ್ದು 2000, ಆಗ ಒಟ್ಟು 6500. ಅಂದರೆ ನೂರರಲ್ಲಿ 31 ಸಲ ಗೆದ್ದರೂ ನಿಮಗೆ ಚಿಪ್ಸ್ ನಷ್ಟವಿಲ್ಲ. ನಿಮ್ಮದು ಎಂಟು-ಏಳು, ಅವನದು ರಾಜ-ರಾಣಿ ಆದರೂ ನೀವು ಸುಮಾರು 35 ಸಲ ಗೆಲ್ಲುತ್ತೀರಿ. ಎಕ್ಕದಂಥ ದೊಡ್ಡ ಜೋಡಿ ಎದುರಾದರೆ ಅದು ಸುಮಾರು 20ಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಚಿಪ್ಸ್ ಇದ್ದವನು ಜೋಡಿಗಾಗಿ ಕಾಯುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಕರೆ ಕೊಡಿ.

ಅವನು ತಳ್ಳಿದ್ದು 8000 ಆದರೆ? ನೀವು 7000 ಹಾಕಬೇಕು. 42 ಸಲ ಗೆಲ್ಲಬೇಕು. ಆಗ ಎಂಟು-ಏಳು ಬಿಟ್ಟುಬಿಡಿ. ಇನ್ನೊಬ್ಬರು ಹೊರಬಿದ್ದರೆ ಬಹುಮಾನ ಎನ್ನುವ ಹಂತದಲ್ಲಿ ಇನ್ನೂ ಬಿಗಿಯಾಗಿರಿ: ಸೋತ ಚಿಪ್ಸಿನ ಬೆಲೆ ಗೆದ್ದದ್ದಕ್ಕಿಂತ ಹೆಚ್ಚು.

ಬಹುಮಾನ ಸಿಹಿತಿಂಡಿಯೇ ಆಗಿರಲಿ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆಯಿದೆ. ಆನ್‌ಲೈನ್ ಹಣದಾಟ ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು.