ಕಾಡುಗೊಲ್ಲರು

ಕಾಡುಗೊಲ್ಲರು ಕರ್ನಾಟಕದ ಬಯಲುಸೀಮೆಯಲ್ಲಿ ವಾಸಿಸುವ ಒಂದು ಪಶುಪಾಲಕ ಸಮುದಾಯ. ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳು ಇವರ ಮುಖ್ಯ ನೆಲೆ. ಮನೆಮಾತು ಕನ್ನಡ. ಊರುಗೊಲ್ಲರೊಂದಿಗೆ ಹೆಸರಿನ ಸಾಮ್ಯವಿದ್ದರೂ ದೈವಗಳು ಹಾಗೂ ಆಚರಣೆಗಳು ಬೇರೆ. ಸಂಪ್ರದಾಯದಂತೆ ಇವೆರಡು ಸಮುದಾಯಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವಿಲ್ಲ.

ನೆಲೆ

ತುಮಕೂರಿನ ಸಮೀಪದ ಹಿರೇಹಳ್ಳಿಯಿಂದ ಹೆದ್ದಾರಿ ಹಿಡಿದು ಶಿರಾ, ಹಿರಿಯೂರುಗಳ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಕುರುಚಲು ಕಾಡು ಮತ್ತು ಹುಲ್ಲುಗಾವಲು ಕಾಣತೊಡಗುತ್ತವೆ. ಬೇಸಾಯಕ್ಕೆ ಜಿಪುಣವಾದ ಈ ನೆಲ ಕುರಿ, ಮೇಕೆ, ದನಗಳಿಗೆ ಉದಾರವಾಗಿದೆ. ಶಿರಾ, ಗುಬ್ಬಿ, ಚಿಕ್ಕನಾಯಕನಹಳ್ಳಿ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಗ್ರಾಮದ ಹೆಸರಿನೊಡನೆ ‘ಗೊಲ್ಲರಹಟ್ಟಿ’ ಎಂಬ ಪದ ಸೇರಿದ ವಸತಿಗಳು ಅನೇಕ. ಇವು ಸಾಮಾನ್ಯವಾಗಿ ಮೂಲ ಗ್ರಾಮದಿಂದ ಸ್ವಲ್ಪ ದೂರದಲ್ಲಿರುತ್ತವೆ.

ಹಟ್ಟಿಯ ಬದುಕು

ಹಿಂದೆ ಹಟ್ಟಿಯೆಂದರೆ ಹುಲ್ಲುಹೊದಿಕೆಯ ಗುಡಿಸಲುಗಳು, ಅವುಗಳ ಸುತ್ತ ಮುಳ್ಳುಬೇಲಿ, ಒಳಗೆ ಕುರಿರೊಪ್ಪ. ತೋಳ, ಚಿರತೆಗಳಿಂದ ಮಂದೆಯನ್ನು ಕಾಯುವುದು ಬೇಲಿಯ ಮೊದಲ ಉದ್ದೇಶ. ಆದರೆ ಅದು ಮಡಿಯ ಗಡಿಯೂ ಆಗಿತ್ತು: ಅದರೊಳಗೆ ಪಾದರಕ್ಷೆ ಮೆಟ್ಟುವಂತಿರಲಿಲ್ಲ, ಕೋಳಿ ಸಾಕುವಂತಿರಲಿಲ್ಲ. ಈಗ ಹೆಂಚಿನ ಹಾಗೂ ಆರ್.ಸಿ.ಸಿ. ಮನೆಗಳು ಬಂದಿವೆ, ಬೇಲಿ ಎಷ್ಟೋ ಕಡೆ ಇಲ್ಲ. ಗಡಿಯ ನೆನಪು ಮಾತ್ರ ಉಳಿದಿದೆ.

ಬೇಸಿಗೆಯಲ್ಲಿ ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬುವುದು ಹಳೆಯ ಪದ್ಧತಿ. ಹೊಲಕ್ಕೆ ಗೊಬ್ಬರ, ಕುರಿಗಾಹಿಗೆ ಕಾಳು ಅಥವಾ ಹಣ. ಗೋಮಾಳಗಳು ಒತ್ತುವರಿಯಾಗಿ ಮೇವಿನ ಜಾಗ ಕುಗ್ಗಿದಂತೆ ಅನೇಕರು ಬೇಸಾಯ, ಕೂಲಿ ಹಾಗೂ ನಗರದ ಕೆಲಸಗಳತ್ತ ಹೊರಳಿದ್ದಾರೆ.

ದೈವಗಳು ಮತ್ತು ಹಾಡು

ಜುಂಜಪ್ಪ ಮತ್ತು ಎತ್ತಪ್ಪ ಇವರ ಸಾಂಸ್ಕೃತಿಕ ವೀರರು. ಇಬ್ಬರೂ ಪಶುಪಾಲಕರು, ಇಬ್ಬರೂ ದೈವಗಳಾದವರು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಪ್ರಸಿದ್ಧ ನೆಲೆಯಿದೆ. ಅವನ ಕಥೆಯನ್ನು ‘ಗಣೆ’ ಎಂಬ ನೀಳವಾದ ಬಿದಿರಿನ ಕೊಳಲಿನೊಡನೆ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತೆದೇವರ ಜಾತ್ರೆಯಲ್ಲಿ ಆಳೆತ್ತರಕ್ಕೂ ಮೀರಿ ಮುಳ್ಳಿನ ಗುಡಿ ಕಟ್ಟುತ್ತಾರೆ. ಭಕ್ತರು ಬರಿಗಾಲಲ್ಲಿ ಅದರ ಮೇಲೇರಿ ಕಳಶವನ್ನು ಇಳಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದುಬರಹ ಅರಿಯದವರು. ಅವರು ಹಾಡಿದ ಅಪಾರ ಸಂಖ್ಯೆಯ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಈ ಸಮುದಾಯದ ಲೋಕವನ್ನು ತಿಳಿಯಬಯಸುವವರು ಆರಂಭಿಸಬೇಕಾದದ್ದು ಆ ಹಾಡುಗಳಿಂದಲೇ.

ಸೂತಕದ ಆಚರಣೆ

ಮುಟ್ಟಾದ ಹೆಂಗಸರೂ ಬಾಣಂತಿಯರೂ ಹಟ್ಟಿಯೊಳಗೆ ಇದ್ದರೆ ದೈವ ಮುನಿಯುತ್ತದೆಂಬ ನಂಬಿಕೆಯಿಂದ ಅವರನ್ನು ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇತ್ತು; ಕೆಲವು ಹಟ್ಟಿಗಳಲ್ಲಿ ಈಗಲೂ ಇದೆ. ಬಾಣಂತಿಯ ವಾಸ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಮಳೆ, ಚಳಿ, ಹಾವು ಯಾವುದಕ್ಕೂ ಆ ಗುಡಿಸಲು ತಡೆಯಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೆಣ್ಣುಮಕ್ಕಳಿಗೆ ಆ ದಿನಗಳಲ್ಲಿ ಶಾಲೆಯೂ ತಪ್ಪುವುದುಂಟು. ಹಾಜರಿ ಪುಸ್ತಕ ಕಾರಣವನ್ನು ಬರೆಯುವುದಿಲ್ಲ.

ಸರ್ಕಾರವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಇವು ಸುರಕ್ಷಿತವೆಂಬುದು ನಿಜ. ಆದರೆ ಹೊರಗಿರಿಸುವ ಪದ್ಧತಿಗೇ ಪಕ್ಕಾ ಗೋಡೆ ಕಟ್ಟಿದಂತಾಯಿತೆಂಬ ಆಕ್ಷೇಪವೂ ನಿರಾಧಾರವಲ್ಲ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ಪ್ರತಿಬಂಧಕ ಕಾಯ್ದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧವೆಂದು ಪರಿಗಣಿಸುತ್ತದೆ. ನೇಪಾಳದಲ್ಲಿ ‘ಛಾಉಪಡಿ’ ಎಂಬ ಇದೇ ಬಗೆಯ ಆಚರಣೆಯನ್ನು 2017ರ ಕಾನೂನು ಶಿಕ್ಷಾರ್ಹಗೊಳಿಸಿತಾದರೂ ಅಲ್ಲಿಯೂ ಅದು ಪೂರ್ಣವಾಗಿ ನಿಂತಿಲ್ಲ. ಕಾಡುಗೊಲ್ಲರಲ್ಲಿಯೇ ವಿದ್ಯಾವಂತ ಯುವಜನರು ಈ ಪದ್ಧತಿಯ ವಿರುದ್ಧ ಮಾತನಾಡುತ್ತಿದ್ದಾರೆ.

ಮಾನ್ಯತೆಯ ಬೇಡಿಕೆ

ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬುದು ಸಮುದಾಯದ ದೀರ್ಘಕಾಲದ ಬೇಡಿಕೆ. ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದೆ. ಪಟ್ಟಿಯ ತಿದ್ದುಪಡಿಗೆ ಸಂಸತ್ತಿನ ಕಾನೂನು ಅಗತ್ಯ. 1965ರ ಲೋಕೂರ್ ಸಮಿತಿಯ ಮಾನದಂಡಗಳಲ್ಲಿ ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ ಹಾಗೂ ಇತರರೊಡನೆ ಬೆರೆಯಲು ಸಂಕೋಚ ಸೇರಿವೆ. ಇದರಿಂದ ಒಂದು ತೊಡಕು ಹುಟ್ಟುತ್ತದೆ: ಬಿಡಬೇಕೆಂದು ಕಾನೂನು ಹೇಳುವ ಪದ್ಧತಿಯೇ ಅರ್ಜಿಯಲ್ಲಿ ವೈಶಿಷ್ಟ್ಯದ ಸಾಕ್ಷಿಯಾಗಿ ನಿಲ್ಲಬಹುದು. ಗಣೆ, ಜುಂಜಪ್ಪನ ಕಾವ್ಯ, ಮುಳ್ಳಿನ ಗುಡಿ, ಪಶುಪಾಲನೆ ಇವೇ ಆ ಸಾಕ್ಷಿಗೆ ಸಾಲುತ್ತವೆ. 2020ರಲ್ಲಿ ಶಿರಾ ಉಪಚುನಾವಣೆಗೆ ಮುನ್ನ ಸರ್ಕಾರ ಕಾಡುಗೊಲ್ಲ ಅಭಿವೃದ್ಧಿ ನಿಗಮವನ್ನು ಘೋಷಿಸಿತು.