ಎಡೆದೊರೆ ನಾಡು ಮತ್ತು ವಿದ್ಯುಚ್ಛಕ್ತಿಯ ಸಮತೋಲ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಪ್ರದೇಶವು ನಮ್ಮ ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂದು ಹೆಸರಾಗಿದೆ. ಎಡೆಯೆಂದರೆ ನಡುವು, ತೊರೆಯೆಂದರೆ ಹೊಳೆ. ಸಮಾಸದಲ್ಲಿ ತಕಾರಕ್ಕೆ ದಕಾರವು ಆದೇಶವಾಗಿ ಬಂದಿದೆ. ರಾಯಚೂರು, ದೇವದುರ್ಗ, ಮಾನ್ವಿಗಳು ಈ ನಾಡಿಗೆ ಸೇರಿದವು. ದೇಶದ ಶಕ್ತಿನೀತಿಯಲ್ಲಿ ಪರಮಾಣುವಿಗೆ ಎಷ್ಟು, ಬಿಸಿಲು ಗಾಳಿಗಳಿಗೆ ಎಷ್ಟು ಸ್ಥಾನವನ್ನು ಕೊಡತಕ್ಕದ್ದು ಎಂಬ ಪ್ರಶ್ನೆಯನ್ನು ಈ ನಾಡಿನಲ್ಲಿ ನಿಂತು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ನಿಂತೇ ಏಕೆ ವಿಚಾರಿಸಬೇಕೆಂದರೆ, ಕರ್ಣಾಟಕದ ಕಲ್ಲಿದ್ದಲಿನ ಭಾರದಲ್ಲಿ ದೊಡ್ಡ ಪಾಲನ್ನು ಹೊತ್ತಿರುವುದು ಈ ನಾಡು. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲಾದ ಉಷ್ಣವಿದ್ಯುತ್ ಸ್ಥಾವರವು ಎಂಟು ಘಟಕಗಳಾಗಿ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಇನ್ನೆರಡು ಘಟಕಗಳು ಸೇರಿದವು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಅದು ಹೊರಗಿನಿಂದ ರೈಲಿನಲ್ಲಿ ಬರುತ್ತದೆ, ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು ಸೊಲ್ಲಾಪುರಗಳ ನಡುವೆ 765 ಕಿಲೋವೋಲ್ಟಿನ ತಂತಿಯು ಕೂಡಿದಾಗ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಏಕಲಯವನ್ನು ಹೊಂದಿತು. ಅಂದಿನಿಂದ ಎಡೆದೊರೆಯು ವಿದ್ಯುತ್ತಿನ ಪ್ರವಾಹಗಳಿಗೂ ನಡುನಾಡಾಗಿದೆ.

ಕಲ್ಲಿದ್ದಲಿನ ಸ್ಥಾನವನ್ನು ಮುಂದೆ ಯಾವುದು ತುಂಬಬೇಕು? ಈ ಚರ್ಚೆಯಲ್ಲಿ ಎರಡು ಪದಗಳು ಬೆರೆತುಹೋಗುವುದುಂಟು. ಸ್ಥಾಪಿತ ಸಾಮರ್ಥ್ಯವೆಂಬುದು ಬೇರೆ, ಉತ್ಪನ್ನವೆಂಬುದು ಬೇರೆ. ಹೊಲದ ವಿಸ್ತಾರವೇ ಬೆಳೆಯ ರಾಶಿಯಲ್ಲವಷ್ಟೆ. ಪಾವಗಡದ ಸೌರವಿದ್ಯುತ್ ಕ್ಷೇತ್ರದ ಸಾಮರ್ಥ್ಯ 2,050 ಮೆಗಾವಾಟ್. ಕೈಗಾದ ನಾಲ್ಕು ಪರಮಾಣು ಘಟಕಗಳದು 880. ಆದರೆ ಸೂರ್ಯನು ರಾತ್ರಿಯಲ್ಲಿಲ್ಲ, ಮೋಡದಲ್ಲಿ ಮಂಕಾಗುತ್ತಾನೆ. ಪಾವಗಡದ ಸಾಮರ್ಥ್ಯದಲ್ಲಿ ನೂರಕ್ಕೆ 22ರಷ್ಟೂ ಕೈಗಾದ ಸಾಮರ್ಥ್ಯದಲ್ಲಿ 85ರಷ್ಟೂ ಫಲಿಸುವುದೆಂದು ಎಣಿಸಿದರೆ, ವರ್ಷಕ್ಕೆ ಮೊದಲನೆಯದರಿಂದ ಸುಮಾರು 395 ಕೋಟಿ ಯೂನಿಟ್ಟುಗಳೂ ಎರಡನೆಯದರಿಂದ 655 ಕೋಟಿ ಯೂನಿಟ್ಟುಗಳೂ ದೊರೆಯುವುವು. ಕೈಗಾದ ರಿಯಾಕ್ಟರುಗಳಲ್ಲಿ ಯಂತ್ರವನ್ನು ನಿಲ್ಲಿಸದೆಯೇ ಇಂಧನವನ್ನು ಬದಲಿಸಬಹುದು. ಅದರ ಒಂದನೆಯ ಘಟಕವು 2018ರ ಅಂತ್ಯದವರೆಗೆ 962 ದಿನ ಎಡೆಬಿಡದೆ ನಡೆದುದು ಈ ಅನುಕೂಲದಿಂದಲೇ.

ಇಷ್ಟರಿಂದಲೇ ಪರಮಾಣುವು ಗೆದ್ದಿತೆನ್ನಲಾಗದು. ರಿಯಾಕ್ಟರಿನ ಉಷ್ಣದಲ್ಲಿ ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದನ್ನು ನೀರು ಒಯ್ಯಬೇಕು. ಕೈಗಾಕ್ಕೆ ಕಾಳೀನದಿಯ ಕದ್ರಾ ಜಲಾಶಯವಿದೆ. ಎಡೆದೊರೆಯಲ್ಲಾದರೆ ಅದೇ ನೀರು ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆಯ ಕಾಲುವೆಯನ್ನೂ, ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆಯ ಕಾಲುವೆಯನ್ನೂ ನಂಬಿದ ಬೆಳೆಗಳಿಗೆ ಸಲ್ಲತಕ್ಕದ್ದು. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಈಗಲೇ ನೀರು ತಡವಾಗಿ ಮುಟ್ಟುತ್ತದೆ. ಇದಲ್ಲದೆ ರಿಯಾಕ್ಟರನ್ನು ಕಟ್ಟುವುದಕ್ಕೆ ಬಹುಕಾಲ ಹಿಡಿಯುತ್ತದೆ, ಉರಿದ ಇಂಧನವನ್ನು ತಲೆಮಾರುಗಳ ಕಾಲ ಕಾಯಬೇಕಾಗುತ್ತದೆ. ಕೃಷ್ಣೆಯಾಚೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರು ಕಂಡುಬಂದಾಗ ಗ್ರಾಮಸ್ಥರು ಶಂಕಿಸಿದುದು ಅಕಾರಣವಲ್ಲ.

ಬಿಸಿಲಿಗೂ ಅದರದೇ ಋಣವುಂಟು. ಅದು ಹೆಚ್ಚು ನೀರನ್ನು ಬೇಡದಿದ್ದರೂ ನೆಲವನ್ನು ಬೇಡುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಬೇಕಾಯಿತು. ಅಲ್ಲಿ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿನಿಂದ ಮೊದಲಾಗುವ ಗುತ್ತಿಗೆಗೆ ಪಡೆದುದು ಮೆಚ್ಚತಕ್ಕ ಕ್ರಮ. ಭೂಮಿಯಿದ್ದವನಿಗೆ ಗುತ್ತಿಗೆಯ ಹಣ ಬಂದಿತು. ಆ ಭೂಮಿಯಲ್ಲಿ ಕೂಲಿಮಾಡಿ ಬದುಕುತ್ತಿದ್ದವನಿಗೆ ಏನು ಎಂಬ ಪ್ರಶ್ನೆ ಉಳಿಯಿತು.

ಆದುದರಿಂದ ಸಮತೋಲವನ್ನು ಮೆಗಾವಾಟುಗಳ ತಕ್ಕಡಿಯಲ್ಲಿ ತೂಗದೆ, ದಿನದ ಜಾವಗಳಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಪಂಪುಸೆಟ್ಟಿಗೆ ನೀರೆತ್ತಲು ಹಗಲೇ ಸಾಕು. ಅದನ್ನು ಬಿಸಿಲಿಗೆ ಒಪ್ಪಿಸಿದರೆ ರೈತನು ನಡುರಾತ್ರಿಯಲ್ಲಿ ಹಾವುಹುಳುಗಳ ಹೊಲಕ್ಕೆ ನಡೆಯುವುದು ತಪ್ಪುತ್ತದೆ. ಆಸ್ಪತ್ರೆ, ಕಾರ್ಖಾನೆ, ರೈಲುಗಳ ಅವಿಚ್ಛಿನ್ನವಾದ ಹೊರೆಯನ್ನು ಪರಮಾಣುವು ಹೊರಬಲ್ಲುದು; ಕೈಗಾದಲ್ಲಿಯೇ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಒಪ್ಪಿಗೆ ದೊರೆತಿದೆ. ಸೂರ್ಯನು ಇಳಿದು ಮನೆಮನೆಯ ದೀಪಗಳು ಹತ್ತುವ ಹೊತ್ತಿಗೆ, ಕ್ಷಣಮಾತ್ರದಲ್ಲಿ ಏರಬಲ್ಲ ಶರಾವತಿಯಂಥ ಜಲವಿದ್ಯುತ್ತೇ ಆಶ್ರಯ. ಈಗ ಆ ಏರಿಳಿತವನ್ನು ಸರಿದೂಗಿಸುವ ಕೆಲಸದ ಒಂದು ಪಾಲು ಕಲ್ಲಿದ್ದಲಿನ ಸ್ಥಾವರಗಳ ಮೇಲೆ ಬಿದ್ದಿದೆ. ಸಮನಾಗಿ ಉರಿಯಲೆಂದು ಕಟ್ಟಿದ ಯಂತ್ರಗಳನ್ನು ಹಗಲು ತಗ್ಗಿಸಿ ಸಂಜೆ ಏರಿಸುವುದರಿಂದ ಅವು ಬೇಗ ಸವೆಯುತ್ತವೆ.

2025ರಲ್ಲಿ ಭಾರತದ ಪರಮಾಣು ಸಾಮರ್ಥ್ಯವು ಸುಮಾರು 8,800 ಮೆಗಾವಾಟಿನಷ್ಟಿತ್ತು. 2047ರ ವೇಳೆಗೆ ಅದನ್ನು ಒಂದು ಲಕ್ಷಕ್ಕೆ ಏರಿಸುವ ಸಂಕಲ್ಪವನ್ನು ಆ ವರ್ಷದ ಆಯವ್ಯಯದಲ್ಲಿ ಸಾರಲಾಯಿತು. ಅಂಥ ಸಂಕಲ್ಪಕ್ಕೆ ನೆಲೆಯನ್ನು ಹುಡುಕುವವರು ನಕ್ಷೆಯಲ್ಲಿ ನದಿಗಳ ನೀಲಿ ಗೆರೆಗಳನ್ನು ಮೊದಲು ನೋಡುವರು. ಆ ನೀರನ್ನು ಆಗಲೇ ಯಾರು ಕುಡಿಯುತ್ತಿದ್ದಾರೆ, ಅದರಿಂದ ಯಾರು ಬಿತ್ತುತ್ತಿದ್ದಾರೆ ಎಂಬುದನ್ನೂ ಕೇಳಬೇಕು. ನಾಲ್ಕು ದಶಕಗಳ ಕಾಲ ನಾಡಿಗೆ ಬೆಳಕನ್ನು ಕೊಟ್ಟು ಬೂದಿಯನ್ನು ತಾನಿಟ್ಟುಕೊಂಡ ಎಡೆದೊರೆಗೆ ಹಾಗೆ ಕೇಳಿಸಿಕೊಳ್ಳುವ ಹಕ್ಕು ಇದೆ.