ಮೂಗಿಗೂ ಅನ್ನನಾಳಕ್ಕೂ ಒಂದೇ ಜಗಳ

ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮುಗಿಸಿ ಕೊನೆಗೆ ಏಳುವವನು ನಾನೇ. ಒಂದು ತುತ್ತು ಚಪಾತಿ, ಒಂದು ಗುಟುಕು ನೀರು. ಗೆಳೆಯರು ‘ಆಮೆ’ ಎಂದೇ ಹೆಸರಿಟ್ಟಿದ್ದರು. ಎದೆ ಉರಿದರೆ ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ಬೆಳಗಾದರೆ ಸಾಲು ಸಾಲು ಸೀನು. ಎರಡಕ್ಕೂ ನಂಟಿರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ಹೆದರಿ ಮನೆಯಲ್ಲೂ ಹೇಳಿರಲಿಲ್ಲ.

ಕಳೆದ ವರ್ಷ ಮಳೆ ನಿಂತ ಮೇಲೆ ಹಾಸ್ಟೆಲ್ ಹಿಂದಿನ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಿತ್ತು. ಸೀನು ಹೆಚ್ಚಾಯಿತು, ನುಂಗುವುದೂ ಕಷ್ಟವಾಯಿತು. ಇಂಟರ್ನಲ್ಸ್ ಹಿಂದಿನ ರಾತ್ರಿ ಚಪಾತಿ ತುಂಡೊಂದು ಎದೆಯ ನಡುವೆ ನಿಂತೇಬಿಟ್ಟಿತು. ಕುಡಿದ ನೀರೂ ವಾಪಸ್ ಬಂತು. ರೂಮ್‌ಮೇಟ್ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದ.

“ಊಟದ ನಡುವೆ ಎಷ್ಟು ನೀರು ಕುಡೀತೀಯಪ್ಪ?” ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ. ಎರಡನೆಯದು, “ಅಲರ್ಜಿ ಇದೆಯಾ?” ಎಂಡೋಸ್ಕೋಪಿ ಮಾಡಿ, ಅನ್ನನಾಳದಿಂದ ಸಣ್ಣ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿದ್ದ ಹೆಸರು ಇಯೊಸಿನೋಫಿಲಿಕ್ ಈಸೊಫೆಜೈಟಿಸ್.

ಇಯೊಸಿನೋಫಿಲ್ ಅಲರ್ಜಿಯಲ್ಲಿ ಪಾಲ್ಗೊಳ್ಳುವ ಒಂದು ಬಗೆಯ ಬಿಳಿ ರಕ್ತಕಣ. ಆರೋಗ್ಯವಂತ ಅನ್ನನಾಳದ ಒಳಪದರದಲ್ಲಿ ಇದು ಸಾಮಾನ್ಯವಾಗಿ ಕಾಣಸಿಗದು. ಸೂಕ್ಷ್ಮದರ್ಶಕದ ಒಂದೇ ನೋಟದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಡಾಕ್ಟರ್ ಈ ಕಾಯಿಲೆಯನ್ನು ಶಂಕಿಸುತ್ತಾರೆ. ಹಾಲು, ಗೋಧಿಯಂಥ ಆಹಾರಗಳೇ ಇದನ್ನು ಹೆಚ್ಚಾಗಿ ಕೆರಳಿಸುತ್ತವೆ. ಆದರೆ ಈ ಕಾಯಿಲೆಯಿರುವ ಹಲವರಿಗೆ ಅಲರ್ಜಿಯ ನೆಗಡಿ, ಅಸ್ತಮಾ ಕೂಡ ಇರುತ್ತವೆ. ಕೆಲವರಿಗೆ ಗಾಳಿಯಲ್ಲಿ ಪರಾಗ ಹೆಚ್ಚಿದಾಗ ತೊಂದರೆಯೂ ಹೆಚ್ಚುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅನ್ನನಾಳ ಕಿರಿದಾಗಬಹುದು.

ನನ್ನ ವಿಷಯದಲ್ಲಿ ಕಾಂಗ್ರೆಸ್ ಗಿಡವೇ ತಪ್ಪಿತಸ್ಥ ಎಂದು ಡಾಕ್ಟರ್ ಹೇಳಲಿಲ್ಲ. ಔಷಧಿ ಕೊಟ್ಟು, ಕೆಲಕಾಲ ಹಾಲು ಬಿಡಿಸಿದರು. ಸೀನಿಗೂ ಚಿಕಿತ್ಸೆ ಶುರುವಾಯಿತು. ಈಗ ಚಪಾತಿ ಸಲೀಸಾಗಿ ಇಳಿಯುತ್ತದೆ. ಅಮ್ಮ ಮಾತ್ರ ದಿನಾ ಫೋನಿನಲ್ಲಿ, “ನಮಗೆ ಹೇಳದೆ ಇನ್ಯಾರಿಗೆ ಹೇಳ್ತೀಯೋ?” ಎಂದು ಬೈಯುವುದನ್ನು ಬಿಟ್ಟಿಲ್ಲ.

ಎರಡು ಕಡೆ ದೀಪ ಮಿನುಗಿದರೆ ಮೊದಲು ವೈರು ಒಂದೇನಾ ನೋಡಿ ಎನ್ನುತ್ತಾರೆ ನಮ್ಮ ಲ್ಯಾಬ್ ಮೇಷ್ಟ್ರು. ದೇಹಕ್ಕೂ ಈ ಮಾತು ಸಲ್ಲುತ್ತದೆ ಎಂದು ತಡವಾಗಿ ತಿಳಿಯಿತು. ಗೆಳೆಯರೇ, ಪ್ರತಿ ತುತ್ತಿಗೂ ನೀರು ಬೇಕಾಗುತ್ತಿದೆಯೇ? ಅನ್ನ ಆಗಾಗ ಸಿಕ್ಕಿಕೊಳ್ಳುತ್ತದೆಯೇ? ನೀವೇ ಮಾತ್ರೆ ನುಂಗುತ್ತಾ ಕೂರಬೇಡಿ. ಡಾಕ್ಟರ್ ಬಳಿ ಹೋಗಿ. ಹೋದಾಗ ಸೀನಿನ ಸಂಗತಿಯನ್ನೂ ಮರೆಯದೆ ಹೇಳಿ.